ಸ್ಟಾಕ್ ಸೀಮಿತ, ಪ್ಯಾಂಟು ನಿಮ್ಮದೇ

"ಇವತ್ತಿನಿಂದ ಇದು ಟೈಲರ್ ಅಂಗಡಿ ಅಲ್ಲ," ಎಂದು ಯಜಮಾನರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದರು. "ಸ್ಟಾರ್ಟಪ್!"

ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರದ ತುದಿ ತುಟಿಗಳ ನಡುವೆ ಇದ್ದುದರಿಂದ ಉತ್ತರ ಕೊಂಚ ತಡವಾಗಿ ಬಂತು.

"ಆಗ್ಲಿ. ಮೊದ್ಲು ಸ್ಟಾರ್ಟಪ್ಪಿನ ಮೇಲೆ ಚೆಲ್ಲಿದ ಕಾಫಿ ಒರೆಸಿ. ಅದು ಮೇಷ್ಟ್ರ ಪ್ಯಾಂಟು."

ಕಾಫಿಯನ್ನೇನೋ ಒರೆಸಿದರು. ಸಂಕಲ್ಪ ಮಾತ್ರ ಒರೆಸಿ ಹೋಗುವಂಥದ್ದಾಗಿರಲಿಲ್ಲ.

ಯಜಮಾನರು ವಿಮಾ ಕಚೇರಿಯ ರವಾನೆ ವಿಭಾಗದಲ್ಲಿದ್ದವರು. ತಲೆಯಲ್ಲಿ ಕೂದಲಿದ್ದಾಗ ಒಳಗೆ ಹೋಗಿ, ಇಲ್ಲದಾದ ಮೇಲೆ ಹೊರಗೆ ಬಂದವರು. ಅಲ್ಲಿ ಅವರ ಕೆಲಸ ಒಂದೇ: ಬಂದದ್ದನ್ನು ಪೆಟ್ಟಿಗೆಗೆ ಹಾಕುವುದು, ಟೇಪು ಸುತ್ತುವುದು. ಅವರು ಸುತ್ತಿದ ಟೇಪನ್ನು ಕತ್ತರಿಯಿಂದ ಬಿಚ್ಚಲಾಗದೆ ಚಾಕು ತಂದವರಿದ್ದರು, ಚಾಕುವಿನಿಂದ ಆಗದೆ ಪೆಟ್ಟಿಗೆಯನ್ನು ಹಾಗೆಯೇ ಕಪಾಟಿನಲ್ಲಿಟ್ಟು ಮರೆತವರೂ ಇದ್ದರು. ನಿವೃತ್ತಿಯ ದಿನ ಸಹೋದ್ಯೋಗಿಗಳು ಅವರಿಗೆ ಕೊಟ್ಟ ಉಡುಗೊರೆಯನ್ನು ಅವರೇ ಪ್ಯಾಕ್ ಮಾಡಿದ್ದರಿಂದ ಅದರೊಳಗೆ ಏನಿದೆಯೆಂದು ಮನೆಯವರಿಗೆ ಇವತ್ತಿಗೂ ತಿಳಿದಿಲ್ಲ.

ಹೀಗೆ ಮನೆಗೆ ಬಂದವರ ಕೈಗೆ ಕೆಲಸವಿಲ್ಲದೆ ಮೊಬೈಲು ಸಿಕ್ಕಿತು. ಮೊಬೈಲಿನೊಳಗೆ ಗುರುಗಳು ಸಿಕ್ಕರು. ಎಲ್ಲರೂ ಆನ್‌ಲೈನಿನಲ್ಲಿ ಕಂಪನಿ ಕಟ್ಟಿದವರು, ಇಲ್ಲವೇ ಕೆಡವಿದವರು. ಯಜಮಾನರು ಅವರಿಗೆಲ್ಲ ತಮ್ಮದೇ ಹೆಸರಿಟ್ಟುಕೊಂಡಿದ್ದರು. ಟ್ರೆಡ್‌ಮಿಲ್ ಗುರು ಓಡುತ್ತಲೇ ಉಪದೇಶ ಕೊಡುವಾತ. ಅಷ್ಟು ಓಡಿಯೂ ಆತ ಆ ಕೋಣೆ ಬಿಟ್ಟು ಕದಲಿದ್ದನ್ನು ಯಾರೂ ಕಂಡಿಲ್ಲ. ಬೀನ್‌ಬ್ಯಾಗ್ ಗುರು ಚೀಲದಂಥ ಕುರ್ಚಿಯಲ್ಲಿ ಎಷ್ಟು ಆಳಕ್ಕೆ ಹೂತುಹೋಗಿರುತ್ತಿದ್ದನೆಂದರೆ ಗಡ್ಡ ಮತ್ತು ಜ್ಞಾನ ಮಾತ್ರ ಹೊರಗೆ ಕಾಣುತ್ತಿದ್ದವು. ಎಲ್ಲರಿಗಿಂತ ಯಜಮಾನರ ಮನಸ್ಸಿಗೆ ಹತ್ತಿರವಾದವನು ಕಣ್ಣೀರ ಗುರು. ಆತ ತಾನು ಮುಳುಗಿಸಿದ ಕಂಪನಿಗಳ ಕಥೆಯನ್ನು ಒಂದೊಂದಾಗಿ ಹೇಳಿ, ಕರ್ಚೀಫು ತೆಗೆದು, "ನನ್ನ ಸೋಲಿನಿಂದ ನೀವು ಕಲಿಯಿರಿ" ಎನ್ನುತ್ತಿದ್ದ. ಯಜಮಾನರೂ ಇತ್ತ ಆರಾಮಕುರ್ಚಿಯಲ್ಲಿ ಮೂಗು ಒರೆಸಿಕೊಂಡು ಕಲಿಯುತ್ತಿದ್ದರು.

"ಇವರೆಲ್ಲ ಏನು ಮಾರ್ತಾರೆ?" ಎಂದು ಹೆಂಡತಿ ಒಮ್ಮೆ ಕೇಳಿದ್ದರು.

"ಅನುಭವ."

"ಬಟ್ಟೆ, ಪಾತ್ರೆ, ಚಪ್ಪಲಿ, ಏನಾದ್ರೂ?"

"ಛೆ, ಅದೆಲ್ಲ ಮಾರೋವಾಗ ಮುಳುಗಿದ್ರು. ಈಗ ಮುಳುಗಿದ್ದನ್ನ ಮಾರ್ತಾರೆ."

"ಸರಿ ಬಿಡಿ. ಯಾವುದಾದ್ರೂ ಒಂದು ಓಡಿದ್ರೆ ಸಾಕು."

ಗುರುಗಳ ಮೊದಲ ಪಾಠ, ಬಿರುದನ್ನು ಮೊದಲು ಧರಿಸು, ಕಂಪನಿ ಹಿಂದಿನಿಂದ ಬರುತ್ತದೆ ಎಂಬುದು. ಆದ್ದರಿಂದ ಆ ಬೆಳಗಿನಿಂದ ಅವರು ಸಂಸ್ಥಾಪಕರಾದರು. ನಾವೂ ಹಾಗೆಯೇ ಕರೆಯೋಣ. ನಮ್ಮ ಗಂಟೇನು ಹೋಗಬೇಕು?

ಇನ್ನು ಅವರು ಸಂಸ್ಥಾಪಿಸಹೊರಟ ವಸ್ತುವಿನ ವಿಷಯ. ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ನು, ಕತ್ತರಿಸುವ ಮೇಜು, ಇಸ್ತ್ರಿಪೆಟ್ಟಿಗೆ, ಗೋಡೆಯುದ್ದಕ್ಕೂ ಹ್ಯಾಂಗರು. ರಸ್ತೆಯವರೆಲ್ಲ ಅವರನ್ನು ಟೈಲರಮ್ಮ ಎನ್ನುತ್ತಿದ್ದರು. ಹೊಸದು ಹೊಲಿಯುವುದಿಲ್ಲ, ಹಳೆಯದನ್ನು ಸರಿಮಾಡುವುದು. ಉದ್ದ ತಗ್ಗಿಸುವುದು, ಸೊಂಟ ಬಿಡಿಸುವುದು, ಕೆಟ್ಟ ಜಿಪ್ಪು ಬದಲಾಯಿಸುವುದು. ಸುತ್ತಲೂ ಬ್ಯಾಂಕು, ಕಚೇರಿ, ಆಸ್ಪತ್ರೆ. ಹಾಗಾಗಿ ಬರುವುದರಲ್ಲಿ ಪ್ಯಾಂಟುಗಳೇ ಹೆಚ್ಚು. ಅವುಗಳಲ್ಲಿ ಕಪ್ಪು, ಕಡುನೀಲಿ, ಕಪ್ಪಿನಂಥ ಕಡುನೀಲಿ, ಕಡುನೀಲಿಯಂಥ ಕಪ್ಪು, ಇಷ್ಟೇ ಬಗೆ.

ಈಚೆಗೆ ರಸ್ತೆಯ ತಿರುವಿನಲ್ಲಿ ಗಾಜಿನ ಬಾಗಿಲಿನ ರೆಡಿಮೇಡ್ ಅಂಗಡಿಯೊಂದು ತೆರೆದು, ಆಲ್ಟರೇಷನ್ ಬಿಟ್ಟಿ ಎಂದು ಬೋರ್ಡು ಹಾಕಿತ್ತು. ಅಲ್ಲಿ ತಣ್ಣನೆ ಗಾಳಿ ಬರುತ್ತಿತ್ತು, ಕೂರಲು ಸೋಫಾ ಇತ್ತು. ಆದರೂ ಹಳೆಯ ಗಿರಾಕಿಗಳು ಟೈಲರಮ್ಮನನ್ನು ಬಿಟ್ಟು ಹೋಗಿರಲಿಲ್ಲ. ಅವರ ಕೈಗೆ ಕೊಟ್ಟ ಬಟ್ಟೆ ಕೆಟ್ಟಿತು, ತಪ್ಪಿತು, ಕಳೆಯಿತು ಎಂಬ ಮಾತು ಹುಟ್ಟಿಯೇ ಇರಲಿಲ್ಲ. ಮನೆ ನಡೆಯುತ್ತಿದ್ದುದು ಆ ಹೆಸರಿನ ಮೇಲೆ. ಅದೊಂದು ಹೋದರೆ ತಿರುವಿನ ಸೋಫಾ ಗಿರಾಕಿಗಳಿಗಾಗಿ ಕಾದೇ ಇತ್ತು.

ಅವರು ಚೀಟಿ ಬರೆಯುತ್ತಿರಲಿಲ್ಲ, ನಂಬರು ಹಾಕುತ್ತಿರಲಿಲ್ಲ. ಬಟ್ಟೆ ಬಂದ ಕೂಡಲೇ ಸೊಂಟದ ಪಟ್ಟಿಯ ಒಳಬದಿಗೆ ಬಣ್ಣದ ದಾರದಲ್ಲಿ ಒಂದೆರಡು ಗಂಟು ಹಾಕಿಬಿಡುತ್ತಿದ್ದರು. ಎರಡು ಹಸಿರು ಗಂಟೆಂದರೆ ನಿವೃತ್ತ ಹೆಡ್‌ಮೇಷ್ಟ್ರು. ಕೆಂಪು ಒಂದು, ಹಳದಿ ಒಂದು ಎಂದರೆ ಬೇಕರಿಯವರು. ಯಾರ ಗಂಟು ಯಾವುದೆಂದು ಟೈಲರಮ್ಮನಿಗೂ ಗೊತ್ತು, ಗಿರಾಕಿಗಳಿಗೂ ಗೊತ್ತು. ದಿನವೆಲ್ಲ ಕಚೇರಿಯಲ್ಲೋ ಆರಾಮಕುರ್ಚಿಯಲ್ಲೋ ಇದ್ದ ಸಂಸ್ಥಾಪಕರೊಬ್ಬರಿಗೆ ಗೊತ್ತಿರಲಿಲ್ಲ. ಅವರು ತಮ್ಮ ಹೆಂಡತಿಗೆ ಅಸಾಧ್ಯ ಜ್ಞಾಪಕಶಕ್ತಿ ಇದೆಯೆಂದು ತಿಳಿದು, ಅದಕ್ಕೆ ತಕ್ಕ ಹಾಗೆ ಹೆದರಿಕೊಂಡಿದ್ದರು.

ಘೋಷಣೆಯಾದ ವಾರದಲ್ಲೇ ಟೈಲರಮ್ಮನ ಅಕ್ಕ ಮಂಡಿಯ ಆಪರೇಷನ್ ಮಾಡಿಸಿಕೊಂಡರು. ನೋಡಿಕೊಳ್ಳಲು ಇವರು ಹೋಗಲೇಬೇಕಾಯಿತು. ಹೊರಡುವ ಮುನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು:

"ರೀ, ಕೆಲಸ ಎಲ್ಲ ಮುಗಿಸಿ ಇಸ್ತ್ರಿ ಹಾಕಿ ಇಟ್ಟಿದೀನಿ. ಯಾರಾದ್ರೂ ಕೇಳ್ಕೊಂಡು ಬಂದ್ರೆ ನಂಗೆ ಫೋನ್ ಮಾಡಿ. ಯಾವ್ದು ಕೊಡ್ಬೇಕು ಅಂತ ಅಲ್ಲಿಂದ್ಲೇ ಹೇಳ್ತೀನಿ."

"ಆಯ್ತು ಕಣೇ."

"ಬೇರೆ ಏನೂ ಮುಟ್ಬೇಡಿ."

"ನಾನ್ಯಾಕೆ ಮುಟ್ಲಿ?"

"ಮುಟ್ಟೋರು ಯಾವಾಗ್ಲೂ ಹೀಗೇ ಕೇಳೋದು."

ಆಟೋ ತಿರುವು ದಾಟುತ್ತಿದ್ದಂತೆಯೇ ಸಂಸ್ಥಾಪಕರು ಹ್ಯಾಂಗರುಗಳ ಮುಂದೆ ನಿಂತರು. ತಲೆಯಲ್ಲಿ ಟ್ರೆಡ್‌ಮಿಲ್ ಗುರು ಓಡುತ್ತಿದ್ದ: ನೀನಿಲ್ಲದಾಗ ನಿಂತುಹೋಗುವುದು ವ್ಯಾಪಾರವಲ್ಲ, ಬರೀ ಕೂಲಿ! ನೋಡಿದರೆ ಇಲ್ಲಿ ಎಲ್ಲ ನಿಂತುಹೋಗಿದೆ. ಒಬ್ಬಾಕೆಯ ಜ್ಞಾಪಕಶಕ್ತಿಯ ಮೇಲೆ ಇಡೀ ಉದ್ಯಮ ತೂಗುಬಿದ್ದಿದೆ. ಹೆಂಡತಿ ಹಿಂದಿರುಗುವ ಹೊತ್ತಿಗೆ ಈ ಕೋಣೆಯನ್ನು ಗುರುತು ಸಿಗದ ಹಾಗೆ ಮಾಡಿಬಿಡಬೇಕೆಂದು ಅವರು ನಿಶ್ಚಯಿಸಿದರು. ಮುಂದಿನ ದಿನಗಳಲ್ಲಿ ಅವರು ಅಕ್ಷರಶಃ ಸಾಧಿಸಿದ್ದು ಇದೊಂದನ್ನೇ.

ಬೀನ್‌ಬ್ಯಾಗ್ ಗುರುವಿನ ಪ್ರಕಾರ ಗಿರಾಕಿ ಪೆಟ್ಟಿಗೆ ತೆರೆಯುವ ಕ್ಷಣವೇ ವ್ಯಾಪಾರದ ಪ್ರಾಣ. ಅಲ್ಲಿ ಒಂದು ಕಲೆ ಕಾಣಬಾರದು, ಒಂದು ದಾರ ಇಣುಕಬಾರದು. ಸಂಸ್ಥಾಪಕರು ಒಂದು ಪ್ಯಾಂಟನ್ನು ತೆಗೆದು ಒಳಗೂ ಹೊರಗೂ ನೋಡಿದರು. ಹೊರಗೆ ಸೊಗಸಾಗಿತ್ತು. ಒಳಗೆ? ಸೊಂಟದ ಪಟ್ಟಿಯಲ್ಲಿ ಎರಡು ಹಸಿರು ದಾರದ ಗಂಟು! ಇನ್ನೊಂದನ್ನು ತೆಗೆದರು. ಅದರಲ್ಲಿ ಕೆಂಪು, ಹಳದಿ. ಮತ್ತೊಂದರಲ್ಲಿ ನೀಲಿ. ಒಂದಾದರೂ ಬಿಟ್ಟಿದ್ದರೆ ಕೇಳಿ!

"ಪಾಪ, ಕಣ್ಣು ಮಂಜಾಗಿದೆ ಇವಳಿಗೆ," ಎಂದು ಅವರ ಕರುಳು ಚುರುಕ್ ಎಂದಿತು. "ಕೈಗೆ ಸಿಕ್ಕ ದಾರ ಸಿಕ್ಕ ಹಾಗೆ ಬಿಟ್ಟಿದಾಳೆ. ನಾನಾದ್ರೂ ನೋಡ್ದೆ ಇದ್ದಿದ್ರೆ ಮಾನ ಹೋಗ್ತಿತ್ತು."

ಚಿಕ್ಕ ಕತ್ತರಿ ಹಿಡಿದು ಕೂತವರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಪ್ರೀತಿಯಿಂದ, ಗಂಡಸಿನ ಕೈ ಇಷ್ಟು ಹಗುರವಾಗಿರಬಲ್ಲದೇ ಎಂದು ತಾವೇ ಬೆರಗಾಗುತ್ತ, ಒಂದೊಂದೇ ಗಂಟನ್ನು ಬುಡಸಮೇತ ಕತ್ತರಿಸಿ ತೆಗೆದರು. ಬಣ್ಣಬಣ್ಣದ ಆ ಗುಡ್ಡೆಯನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಿದರು. ಆಮೇಲೆ ಬಂತು ಅವರ ಬಾಳಿನ ಕಲೆ. ಸ್ಟೇಷನರಿ ಅಂಗಡಿಯಿಂದ ತಂದ ಒಂದೇ ಅಳತೆಯ, ಒಂದೇ ಬಣ್ಣದ ರಟ್ಟಿನ ಪೆಟ್ಟಿಗೆಗಳು. ಒಳಗೆ ತೆಳುಕಾಗದ, ಕಾಗದದ ಮೇಲೆ ಪ್ಯಾಂಟು, ಪ್ಯಾಂಟಿನ ಮೇಲೆ "ವಂದನೆಗಳೊಂದಿಗೆ, ಸಂಸ್ಥಾಪಕರು" ಎಂಬ ಕಾರ್ಡು. ಹೊರಗೆ ಟೇಪು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಗೆ, ಮತ್ತೆ ಉದ್ದಕ್ಕೆ.

ಪೆಟ್ಟಿಗೆಯ ಮೇಲೆ ಹೆಸರು ಬರೆಯಲಿಲ್ಲವೇ ಎಂದು ನೀವು ಕೇಳಬಹುದು. ಕೇಳಿದ್ದು ನೀವೊಬ್ಬರೇ ಅಲ್ಲ, ಆಮೇಲೆ ರಸ್ತೆಗೆ ರಸ್ತೆಯೇ ಕೇಳಿತು. ರವಾನೆ ವಿಭಾಗದಲ್ಲಿ ಸಂಸ್ಥಾಪಕರು ಜೀವಮಾನವಿಡೀ ಟೇಪು ಸುತ್ತಿದ್ದರೇ ಹೊರತು ಹೆಸರು ಬರೆದವರಲ್ಲ. ಹೆಸರು ಬರೆಯುವುದು ಪಕ್ಕದ ವಿಭಾಗದ ಕೆಲಸ. ಅವರ ಕೈಗೆ ಅದು ಹೊಳೆಯಲೇ ಇಲ್ಲ. ಆ ಕೈ ಪೆಟ್ಟಿಗೆಯನ್ನು ಮುಗಿಸಿ, ಅಭ್ಯಾಸಬಲದಿಂದ, ಎಡಗಡೆಗೆ ಸರಿಸಿತು. ಎಡಗಡೆ ಗೋಡೆಯಿತ್ತು.

ಸಂಜೆ ಕಣ್ಣೀರ ಗುರುವಿನ ಪಾಠ ನೆನಪಾಯಿತು: ಕೊರತೆಯನ್ನು ಸೃಷ್ಟಿಸಿ. ಸಿಗದೇ ಹೋದೀತೆಂಬ ಭಯವೇ ಗಿರಾಕಿಯನ್ನು ಓಡಿಸಿಕೊಂಡು ಬರುತ್ತದೆ. ಸಂಸ್ಥಾಪಕರು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದ ಫೋನ್ ನಂಬರುಗಳನ್ನು ಹುಡುಕಿ, ಹೆಂಡತಿಯ ಗಿರಾಕಿಗಳಿಗೆಲ್ಲ ಒಂದು ಸಂದೇಶ ಕಳಿಸಿದರು.

"ಆತ್ಮೀಯ ಗ್ರಾಹಕರೇ, ಶನಿವಾರ ಬೆಳಗ್ಗೆ ನಮ್ಮ ಭವ್ಯ ಲಾಂಚ್! ನಿಮ್ಮ ಪ್ಯಾಂಟುಗಳು ಹೊಸ ರೂಪದಲ್ಲಿ. ಸ್ಟಾಕ್ ಸೀಮಿತ. ಮೊದಲು ಬಂದವರಿಗೆ ಮೊದಲ ಆದ್ಯತೆ. ತಡವಾದರೆ ನಿರಾಶೆಯಾದೀತು."

ಮೊಬೈಲು ಬಡಿದುಕೊಳ್ಳತೊಡಗಿತು. ಮೊದಲ ಕರೆ ಬೇಕರಿಯವರದು.

"ಸೀಮಿತ ಅಂದ್ರೆ ಏನ್ ಸ್ವಾಮಿ? ನನ್ ಪ್ಯಾಂಟು ನಂಗೆ ಇದೆ ತಾನೇ?"

"ಬೇಗ ಬಂದ್ರೆ ಖಂಡಿತ ಇದೆ."

"ತಡವಾಗಿ ಬಂದ್ರೆ?"

"ಬೇಡಿಕೆ ಬಹಳ ಇದೆ," ಎಂದರು ಸಂಸ್ಥಾಪಕರು ಗಂಭೀರವಾಗಿ.

"ನನ್ ಪ್ಯಾಂಟಿಗಾ?"

ಅತ್ತ ಕಡೆ ಬೇಕರಿಯವರು ದಂಗಾಗಿ ಕೂತರು. ತಮ್ಮ ಸೊಂಟದ ಅಳತೆಯ ಪ್ಯಾಂಟಿಗೆ ಬೇಡಿಕೆಯಿಟ್ಟವನು ಈ ಭೂಮಿಯ ಮೇಲೆ ಯಾರಿರಬಹುದು ಎಂಬುದು ಅವರ ಚಿಂತೆ. ಇತ್ತ ಕಡೆ ಸಂಸ್ಥಾಪಕರು ಮಾರುಕಟ್ಟೆ ಕಾವೇರಿದೆಯೆಂದು ಕೈ ಉಜ್ಜಿಕೊಂಡರು.

ಶನಿವಾರ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲಿನಿಂದ ರಸ್ತೆಯ ದೀಪದ ಕಂಬದವರೆಗೆ ಜನ. ತಮ್ಮ ಪ್ಯಾಂಟು ಬೇರೆಯವರ ಪಾಲಾದೀತೆಂಬ ಕಳವಳ ಎಲ್ಲರ ಮುಖದಲ್ಲೂ ಎದ್ದು ಕಾಣುತ್ತಿತ್ತು. ಎಲ್ಲರಿಗೂ ಮುಂದೆ, ಕೋಲೂರಿಕೊಂಡು, ಹೆಡ್‌ಮೇಷ್ಟ್ರು. ಸಂಸ್ಥಾಪಕರು ಕೈಮುಗಿದು ಸ್ವಾಗತಿಸಿ, ಪೆಟ್ಟಿಗೆಗಳ ಗೋಪುರದ ಪಕ್ಕ ನಿಂತರು.

"ಬನ್ನಿ ಮೇಷ್ಟ್ರೇ. ನಿಮ್ಮದು ಯಾವುದು?"

"ನಂದು ಎರಡು ಹಸಿರು."

"ಎರಡು ಹಸಿರು ಏನು?"

"ಗಂಟಪ್ಪ. ಎರಡು ಹಸಿರು ಗಂಟು. ಇಷ್ಟು ವರ್ಷದಿಂದ ಅದೇ. ಟೈಲರಮ್ಮ ಹೇಳಿಲ್ವಾ?"

"ನಂದು ನೀಲಿ," ಎಂದರು ಅವರ ಹಿಂದೆ ನಿಂತಿದ್ದ ದಂತವೈದ್ಯೆ. "ಒಂದೇ ಗಂಟು, ದೊಡ್ಡದು."

"ಕೆಂಪು ಒಂದು, ಹಳದಿ ಒಂದು," ಎಂದು ಮೆಟ್ಟಿಲ ಕೆಳಗಿನಿಂದ ಬೇಕರಿಯವರ ದನಿ ಬಂತು. "ಯಾರಿಗೂ ಕೊಟ್ಟುಬಿಡ್ಬೇಡಿ ಸ್ವಾಮಿ, ಬರ್ತಾ ಇದೀನಿ."

ಸಂಸ್ಥಾಪಕರು ಗೋಪುರದ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಕಸದ ಬುಟ್ಟಿ ಕಣ್ಣಮುಂದೆ ಬಂತು. ಆ ಬುಟ್ಟಿಯನ್ನು ನಿನ್ನೆಯೇ ಪುರಸಭೆಯ ಗಾಡಿಗೆ ಸುರಿದಾಗಿತ್ತು. ಸುರಿಯದೇ ಇದ್ದಿದ್ದರೂ ಬರೀ ದಾರ ಇಟ್ಟುಕೊಂಡು ಏನು ಮಾಡುವುದು? ಪ್ಯಾಂಟಿನಿಂದ ಬೇರೆಯಾದ ಗಂಟು ಯಾರನ್ನು ತಾನೇ ಗುರುತಿಸೀತು? ಹೆಂಡತಿಯ ಜ್ಞಾಪಕಶಕ್ತಿಯನ್ನೇ ತಾವು ಕತ್ತರಿಸಿ ಗಾಡಿಗೆ ಹಾಕಿದ್ದೇವೆಂದು ಈಗ ಅವರಿಗೆ ಅರ್ಥವಾಯಿತು. ಇಷ್ಟು ದಿನ ತಪ್ಪಿತು ಎಂಬ ಮಾತು ಹುಟ್ಟದಿದ್ದ ಕೋಣೆ ಅದು. ಹೆಂಡತಿ ಅದನ್ನು ಒಬ್ಬರೇ ಕೂತು ಕಟ್ಟಿದ್ದರು. ಇವರೂ ಒಬ್ಬರೇ ಕೂತು, ಊಟ ಸಹ ಬಿಟ್ಟು, ಬಿಚ್ಚಿದ್ದರು.

ಆಗಲೇ "ತಪ್ಪಾಯಿತು" ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪೆಟ್ಟಿಗೆಗಳನ್ನು ತೆರೆದು ನೋಡೋಣವೆಂದು ಒಂದಕ್ಕೆ ಉಗುರು ಹಾಕಿಯೂ ನೋಡಿದರು. ಉಗುರು ಮುರಿಯಿತು. ಅದು ಅವರದೇ ಟೇಪು. ಎದುರಿಗೆ ಜನ. ತಲೆಯಲ್ಲಿ ಮೂವರು ಗುರುಗಳೂ ಒಟ್ಟಿಗೆ ಮಾತಾಡತೊಡಗಿದರು: ಮಾಹಿತಿ ಅರ್ಧವಿದ್ದಾಗಲೂ ನಾಯಕನಾದವನು ನಿರ್ಧಾರ ತೆಗೆದುಕೊಳ್ಳುತ್ತಾನೆ. ಹಿಂಜರಿಯಬೇಡ! ಅಂಕಿಅಂಶ ನೋಡು!

ಅಂಕಿಅಂಶ! ಅಡುಗೆಮನೆಯಿಂದ ತಕ್ಕಡಿ ಬಂತು. ಒಂದೊಂದೇ ಪೆಟ್ಟಿಗೆಯನ್ನು ತೂಗಿದರು. ಭಾರದ್ದು ದಪ್ಪನೆಯವರಿಗೆ, ಹಗುರದ್ದು ತೆಳ್ಳನೆಯವರಿಗೆ, ನಡುವಿನದು ನಡುವಿನವರಿಗೆ. ಎಂಥ ಸರಳ, ಎಂಥ ವೈಜ್ಞಾನಿಕ ವಿಧಾನ! ಬಟ್ಟೆಗಳಲ್ಲಿ ತೆಳುವಾದದ್ದು, ಒರಟಾದದ್ದು ಎಂಬ ಭೇದವಿದೆಯೆಂಬುದೊಂದನ್ನು ಬಿಟ್ಟರೆ ಅದರಲ್ಲಿ ಯಾವ ದೋಷವೂ ಇರಲಿಲ್ಲ.

"ತಕ್ಕಡಿ ಯಾಕೆ?" ಎಂದರು ದಂತವೈದ್ಯೆ.

"ಗುಣಮಟ್ಟದ ಪರೀಕ್ಷೆ, ಡಾಕ್ಟ್ರೇ."

"ಇಲ್ಲೇ ಒಮ್ಮೆ ತೆಗೆದು ನೋಡ್ಲಾ?"

"ದಯವಿಟ್ಟು ಬೇಡ. ಮನೇಲಿ, ವಿಶೇಷ ಗಳಿಗೆ ನೋಡಿ ತೆಗೀರಿ. ಅದೊಂದು ಅನುಭವ."

ಬ್ಯಾಂಕಿನ ಕ್ಯಾಷಿಯರು ಈ ಮಾತನ್ನು ಮನಸ್ಸಿಗೆ ಹಚ್ಚಿಕೊಂಡರು. ಬಿದಿರುಗಳದಂತೆ ನೀಳವಾಗಿದ್ದ, ಸಂಕೋಚದ ಮನುಷ್ಯ. "ಸೋಮವಾರ ನಂಗೆ ಬಡ್ತಿ ಸಂದರ್ಶನ ಇದೆ ಸಾರ್," ಎಂದರು ಮೆಲ್ಲಗೆ. "ಅವತ್ತು ಬೆಳಗ್ಗೇನೇ ತೆಗೀತೀನಿ."

"ಅದಕ್ಕಿಂತ ಒಳ್ಳೆ ಗಳಿಗೆ ಬೇಕಾ?" ಎಂದು ಸಂಸ್ಥಾಪಕರು ಅವರ ಬೆನ್ನು ತಟ್ಟಿ, ಎಲ್ಲಕ್ಕಿಂತ ಹಗುರವಾದ ಪೆಟ್ಟಿಗೆಯನ್ನು ಕೊಟ್ಟರು.

ಹೊತ್ತು ನೆತ್ತಿಗೇರುವಷ್ಟರಲ್ಲಿ ಕೋಣೆ ಖಾಲಿಯಾಯಿತು. ಸಂಸ್ಥಾಪಕರು ಬರಿದಾದ ಹ್ಯಾಂಗರುಗಳನ್ನು ನೋಡುತ್ತ ಕೂತರು. ಯಾವ ಗುರುವನ್ನೂ ಕೇಳುವ ಮನಸ್ಸಾಗಲಿಲ್ಲ. ಒಂದಿಷ್ಟಾದರೂ ಸರಿಯಾಗಿ ಹೋಗಿರಬಹುದು ಎಂದುಕೊಂಡರು. ಅರ್ಧವಾದರೂ? ಒಂದಾದರೂ?

ತೆರೆದದ್ದರಲ್ಲಿ ಒಂದೂ ಇಲ್ಲವೆಂದು ಸಂಜೆಯೊಳಗೆ ಖಚಿತವಾಯಿತು. ಟೇಪು ಬಿಚ್ಚಲು ಹಿಡಿದ ಹೊತ್ತಿನಿಂದಾಗಿ ಕರೆಗಳು ಒಂದೊಂದಾಗಿ ಬಂದವು, ಅದೊಂದೇ ಕರುಣೆ. ಹೆಡ್‌ಮೇಷ್ಟ್ರಿಗೆ ಯಾರದೋ ಹದಿಹರೆಯದವರ ಪ್ಯಾಂಟು, ಮಂಡಿಯ ಬಳಿ ಬೇಕೆಂದೇ ಹರಿದದ್ದು. "ನಾನು ಅಂಚು ಮಡಚೋಕೆ ಕೊಟ್ಟಿದ್ದು, ಕಿಟಕಿ ಇಡೋಕಲ್ಲ," ಎಂದರು. ದಂತವೈದ್ಯೆ ಕಾಲು ತೂರಿಸಿದರೆ ಪ್ಯಾಂಟು ಎದೆಯವರೆಗೆ ಬಂದಿತ್ತಂತೆ. ಬೇಕರಿಯವರಿಗೆ ಮಾತೇ ಹೊರಡುತ್ತಿರಲಿಲ್ಲ. ಅವರು ಯಾರದೋ ಒರಟು ಬಟ್ಟೆಯ ಪ್ಯಾಂಟಿನೊಳಗೆ ತೊಡೆಯವರೆಗೆ ಇಳಿದು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಮಂಚದ ಮೇಲೆ ಮಲಗಿದ್ದರು. ಅವರ ಪರವಾಗಿ ಅವರ ಹೆಂಡತಿ ಮಾತಾಡಿದರು. ಆ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ದೂರು ಎಂದರೆ ಗಿರಾಕಿ ಕೊಡುವ ಉಡುಗೊರೆ ಎಂದು ಟ್ರೆಡ್‌ಮಿಲ್ ಗುರು ಹೇಳಿದ್ದ. ಅಷ್ಟು ಉಡುಗೊರೆಗಳನ್ನು ಸಂಸ್ಥಾಪಕರು ಮದುವೆಯಲ್ಲೂ ಕಂಡಿರಲಿಲ್ಲ.

ಕೊನೆಗೆ ಹೆಂಡತಿಯ ಕರೆ ಬಂತು.

"ರೀ, ಅಲ್ಲೇನು ನಡೀತಿದೆ?"

"ಎಲ್ಲ ಸರಿ ಇದೆ. ಅಕ್ಕನ ಮಂಡಿ ಹೇಗಿದೆ?"

"ಮಂಡಿ ಇರ್ಲಿ. ಮೇಷ್ಟ್ರು ಫೋನ್ ಮಾಡಿ, 'ಅಮ್ಮಾ, ಈ ವಯಸ್ಸಲ್ಲಿ ನನ್ನ ಮಂಡಿ ಯಾಕೆ ಊರಿಗೆಲ್ಲ ತೋರಿಸ್ತಿದೀರಿ' ಅಂದ್ರು. ಗಂಟು ನೋಡಿ ಕೊಟ್ರಿ ತಾನೇ?"

ಸಂಸ್ಥಾಪಕರು ಕಸದ ಬುಟ್ಟಿಯನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದರು.

"ರೀ. ಗಂಟು ಇದೆ ತಾನೇ?"

"ಅದು... ಸ್ವಲ್ಪ ಗಲೀಜಾಗಿ ಕಾಣ್ತಿತ್ತು ಕಣೇ."

ಟೈಲರಮ್ಮ ಬಯ್ಯಲಿಲ್ಲ. ಫೋನು ಇಡಲೂ ಇಲ್ಲ. ಬಹಳ ಹೊತ್ತು ಅತ್ತ ಕಡೆಯಿಂದ ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಬಯ್ದಿದ್ದರೆ ಸಂಸ್ಥಾಪಕರು ಹೇಗೋ ತಡೆದುಕೊಳ್ಳುತ್ತಿದ್ದರು. ಆ ಫ್ಯಾನು ಅವರನ್ನು ಕೊಂದುಹಾಕಿತು.

ಸೋಮವಾರ ಬೆಳಗ್ಗೆ ಕ್ಯಾಷಿಯರು ವಿಶೇಷ ಗಳಿಗೆಯಲ್ಲಿ ಪೆಟ್ಟಿಗೆ ತೆರೆದರು. ಉಳಿದೆರಡು ಪ್ಯಾಂಟು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ತೆರೆದದ್ದು ಬೇಕರಿಯವರ ತೆಳುಬಟ್ಟೆಯ, ಡೇರೆಯಷ್ಟು ಅಗಲದ ಪ್ಯಾಂಟು. ಬೆಲ್ಟು ಬಿಗಿದರೂ ನೆರಿಗೆ ನೆರಿಗೆಯಾಗಿ ಕೆಳಗಿಳಿಯುತ್ತಿದ್ದ ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಅವರು ಸಂದರ್ಶನಕ್ಕೆ ಕೂತರು. ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದರಂತೆ. ಕೊನೆಯಲ್ಲಿ ಮೇಲಧಿಕಾರಿ, "ತುಂಬ ಚೆನ್ನಾಗಿ ಹೇಳಿದ್ರಿ, ಆ ಫೈಲು ಸ್ವಲ್ಪ ಎರಡೂ ಕೈಯಲ್ಲಿ ಎತ್ತಿ ಕೊಡಿ," ಎಂದರಂತೆ. ವಿಧೇಯ ಮನುಷ್ಯ. ಎತ್ತಿ ಕೊಟ್ಟರು.

ಬಡ್ತಿ ಬೇರೆಯವರಿಗೆ ಹೋಯಿತು.

ಅಂದೇ ಮಧ್ಯಾಹ್ನ ಟೈಲರಮ್ಮ ಅಕ್ಕನನ್ನು ಅರ್ಧ ಮಂಡಿಯಲ್ಲಿ ಬಿಟ್ಟು ಬಂದಿಳಿದರು. ಚೀಲವನ್ನು ಕೆಳಗಿಡದೆ ಗೋಡೆಯ ಖಾಲಿ ಹ್ಯಾಂಗರುಗಳನ್ನು ನೋಡಿದರು. ಗಂಡನ ಕಡೆ ನೋಡಲಿಲ್ಲ. ಎಲ್ಲರಿಗೂ ತಾವೇ ಫೋನು ಮಾಡಿ, ಸಿಕ್ಕಿದ್ದನ್ನು ತಗೊಂಡು ಬನ್ನಿ ಎಂದರು.

ಸಂಜೆ ಆ ಕೋಣೆಯಲ್ಲಿ ನಡೆದ ದೃಶ್ಯವನ್ನು ಬಣ್ಣಿಸುವುದು ಕಷ್ಟ. ಮರ್ಯಾದಸ್ಥರೆಲ್ಲ ಒಬ್ಬರ ಪ್ಯಾಂಟನ್ನು ಒಬ್ಬರು ಬೆಳಕಿಗೆ ಹಿಡಿದು, "ಇದು ನಿಮ್ಮದಾ?" "ಅಲ್ಲಪ್ಪ, ನನ್ನ ಹಿಂಭಾಗ ಇಷ್ಟು ಸವೆದಿಲ್ಲ" ಎಂದು ಮಾತಾಡಿಕೊಳ್ಳುತ್ತಿದ್ದರು. ಟೈಲರಮ್ಮ ಅಳತೆಯ ಟೇಪು ಕುತ್ತಿಗೆಗೆ ಹಾಕಿಕೊಂಡು ನಡುವೆ ನಿಂತಿದ್ದರು. ಕೆಲವನ್ನು ಅಳೆದು ಹೇಳಿದರು, ಕೆಲವಕ್ಕೆ ಅವರಿಗೂ ಗುರುತು ಹತ್ತಲಿಲ್ಲ. ಕಪ್ಪಿನಂಥ ಕಡುನೀಲಿಯದೊಂದಕ್ಕೆ ಇಬ್ಬರು ವಾರಸುದಾರರು ಎದ್ದು ನಿಂತರು. ಹರಿದ ಮಂಡಿಯದನ್ನು ಹಿಂದಿರುಗಿಸಲು ಮಾತ್ರ ಹೆಡ್‌ಮೇಷ್ಟ್ರು ಒಪ್ಪಲಿಲ್ಲ. ಎರಡು ದಿನ ಹಾಕಿ ನೋಡಿದೆ, ಗಾಳಿ ಆಡುತ್ತದೆ ಎಂದರು. ತಿರುವಿನ ಅಂಗಡಿಯಾತ ಯಾಕೋ ಆ ದಾರಿಯಲ್ಲಿ ಎರಡು ಸಲ ನಡೆದುಹೋದ.

ಟೈಲರಮ್ಮ ಕ್ಯಾಷಿಯರ ಮುಂದೆ ಬಂದು ನಿಂತು, ಅವರ ಕೈಯಲ್ಲಿದ್ದ ಡೇರೆಯಂಥ ಪ್ಯಾಂಟನ್ನು ತೆಗೆದುಕೊಂಡು ಮಡಚಿದರು.

"ನಿಮ್ಮ ವಿಷಯದಲ್ಲಿ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲಪ್ಪ. ನೀವು ಆ ತಿರುವಿನವರ ಹತ್ರ ಹೋದ್ರೂ ನಾನು ಬೇಜಾರು ಮಾಡ್ಕೊಳಲ್ಲ."

ಕ್ಯಾಷಿಯರು ನೆಲ ನೋಡಿದರು. ಮೂಲೆಯಲ್ಲಿ ನಿಂತಿದ್ದ ಸಂಸ್ಥಾಪಕರಿಗೆ ನೆಲವೇ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಎನ್ನಿಸಿತು. ಎರಡು ಹೆಜ್ಜೆ ಮುಂದೆ ಬಂದು, "ತಪ್ಪು ನಂದು. ಅವಳದ್ದಲ್ಲ. ಅವಳು ಮುಟ್ಬೇಡ ಅಂದಿದ್ಲು," ಎಂದರು. ಬಹಳ ದಿನಗಳ ನಂತರ ಅವರು ಗುರುಗಳ ನೆರವಿಲ್ಲದೆ ಆಡಿದ ಮಾತು ಅದು.

ಗಿರಾಕಿಗಳು ಮೆಟ್ಟಿಲ ಬಳಿ ಗುಂಪಾಗಿ ಪಿಸುಗುಟ್ಟಿದರು. ಕೊನೆಗೆ ಹೆಡ್‌ಮೇಷ್ಟ್ರು ಎಲ್ಲರ ಪರವಾಗಿ ಗಂಟಲು ಸರಿಮಾಡಿಕೊಂಡರು.

"ಟೈಲರಮ್ಮ, ನಾವ್ಯಾರೂ ಎಲ್ಲೂ ಹೋಗಲ್ಲ. ಕ್ಯಾಷಿಯರೂ ಹೋಗಲ್ಲ ಅಂದಿದಾರೆ. ನಿಮ್ಮ ಕೈ ಮೇಲೆ ನಮಗೆ ಪೂರ್ತಿ ನಂಬಿಕೆ. ಆದ್ರೆ ಒಂದು ಷರತ್ತು."

"ಹೇಳಿ ಮೇಷ್ಟ್ರೇ."

"ಅಂಗಡಿ ತೆರೆದಿರೋ ಹೊತ್ತಲ್ಲಿ ನಿಮ್ಮ ಯಜಮಾನ್ರು ಮನೆ ಒಳಗೆ ಇರ್ಬಾರದು."

ಸಂಸ್ಥಾಪಕರು ಆಸೆಗಣ್ಣಿನಿಂದ ಹೆಂಡತಿಯನ್ನು ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿದವಳು, ಒಂದು ಮಾತಾದರೂ ಆಡದೆ ಇರುತ್ತಾಳೆಯೇ? ಆಡಿದರು.

"ಊಟಕ್ಕೆ ಬರ್ಬಹುದಾ?"

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಊಟಕ್ಕಾದ್ರೆ ಹಿಂದಿನ ಬಾಗಿಲಿಂದ," ಎಂದರು ಬೇಕರಿಯವರು, ದೊಡ್ಡ ಮನಸ್ಸು ಮಾಡಿ.

"ಡಬ್ಬಿ ಕಟ್ಟಿ ಕೊಟ್ರೆ ಇನ್ನೂ ಒಳ್ಳೇದು," ಎಂದರು ದಂತವೈದ್ಯೆ.

ಹಾಗೆಯೇ ತೀರ್ಮಾನವಾಯಿತು. ಮರುದಿನ ಬೆಳಗ್ಗೆ ಸಂಸ್ಥಾಪಕರು, ಡಬ್ಬಿ ಹಿಡಿದುಕೊಂಡು, ತಾವು ಸಂಸ್ಥಾಪಿಸಿದ ಕಂಪನಿಯಿಂದ ಹೊರಬಿದ್ದರು. ಕಂಪನಿ ಕಟ್ಟಿದವರನ್ನೇ ಕಂಪನಿ ಹೊರಹಾಕಿದ ಕಥೆಯನ್ನು ಕಣ್ಣೀರ ಗುರು ಹೇಳಿದ್ದುಂಟು. ಆದರೆ ಆತನ ಕಥೆಯಲ್ಲಿ ಡಬ್ಬಿ ಇರಲಿಲ್ಲ.

ಎಲ್ಲಿಗೆ ಹೋಗುವುದು? ನಡೆದೂ ನಡೆದೂ ಉದ್ಯಾನಕ್ಕೆ ಬಂದರು. ಒಳಗೆ ಮರದ ಕೆಳಗೆ ಒಂದು ಉದ್ದನೆಯ ಕಲ್ಲುಬೆಂಚು. ಅದರ ಮೇಲೆ ಮೂವರು ಮಧ್ಯವಯಸ್ಸಿನ ಗಂಡಸರು ಸಾಲಾಗಿ ಕೂತಿದ್ದರು. ಪ್ರತಿಯೊಬ್ಬರ ತೊಡೆಯ ಮೇಲೂ ಒಂದೊಂದು ಡಬ್ಬಿ.

ಇವರ ಕೈಯನ್ನು ನೋಡಿ ನೆರಳಿನ ತುದಿಯಲ್ಲಿದ್ದ ಹಿರಿಯರು ಕೇಳಿದರು: "ನಿಮ್ಮ ಮನೆಯವರದ್ದು ಯಾವ ಅಂಗಡಿ?"

ಸಂಸ್ಥಾಪಕರು ತಬ್ಬಿಬ್ಬಾದರು. "ಬಟ್ಟೆ ರಿಪೇರಿ. ನಿಮ್ಮದು?"

"ನಾಯಿ ನೋಡ್ಕೊಳ್ಳೋದು. ಊರಿಗೆ ಹೋಗೋರು ತಮ್ಮ ನಾಯಿ ನಮ್ಮಲ್ಲಿ ಬಿಟ್ಟು ಹೋಗ್ತಿದ್ರು. ಒಬ್ಬ ಆನ್‌ಲೈನ್ ಮಹಾನುಭಾವ, ಗ್ರಾಹಕರು ಒಬ್ರ ಜೊತೆ ಒಬ್ರು ಬೆರೆಯೋ ಹಾಗೆ ಮಾಡ್ಬೇಕು, ಸಮುದಾಯ ಕಟ್ಬೇಕು ಅಂದ. ಇವಳು ಹೊರಗೆ ಹೋಗಿದ್ಲು. ಎಲ್ಲ ಗೂಡಿನ ಬಾಗಿಲೂ ಒಟ್ಟಿಗೆ ತೆಗೆದೆ."

ಉಳಿದಿಬ್ಬರು ಗೌರವದಿಂದ ತಲೆಬಾಗಿದರು.

"ನಮ್ಮನೆಯವಳದ್ದು ಬ್ಯೂಟಿ ಪಾರ್ಲರು," ಎಂದರು ಎರಡನೆಯವರು. "ಬೇಗ ಬೇಗ ತಪ್ಪು ಮಾಡಿ, ಬೇಗ ಕಲೀರಿ ಅಂತ ಕೇಳಿದ್ದೆ. ನಾನೇ ಕತ್ತರಿ ಹಿಡಿದೆ."

"ನಮ್ಮದು ಡ್ರೈವಿಂಗ್ ಸ್ಕೂಲು," ಎಂದರು ಮೂರನೆಯವರು. ಅವರು ವಿವರಿಸಲಿಲ್ಲ. ಅವರ ಕೈಗೆ ಇನ್ನೂ ಪಟ್ಟಿ ಇತ್ತು.

ಸಂಸ್ಥಾಪಕರಿಗೆ ಕಣ್ಣು ತುಂಬಿ ಬಂತು. ಕೊನೆಗೂ ತಮ್ಮ ಜನ ಸಿಕ್ಕಿದ್ದರು. ತಮ್ಮ ಕಥೆಯನ್ನೂ ಹೇಳಿಕೊಂಡರು: ದಾರ, ಟೇಪು, ತಕ್ಕಡಿ, ಕ್ಯಾಷಿಯರು. ಹೇಳುತ್ತ ಹೇಳುತ್ತ ದನಿಯೇರಿತು. ಗೆಲ್ಲುವುದರಲ್ಲಿ ಅಲ್ಲದಿದ್ದರೂ ಮುಳುಗುವುದರಲ್ಲಾದರೂ ತಾವು ಯಾರಿಗೂ ಕಡಿಮೆಯಿಲ್ಲ ಎಂಬ ಸಣ್ಣದೊಂದು ಹೆಮ್ಮೆ ಅದರಲ್ಲಿ ಕೇಳಿಸಿತು.

ಹಿರಿಯರು ತಾಳ್ಮೆಯಿಂದ ಕೇಳಿಸಿಕೊಂಡರು.

"ಯಾರಿಗಾದ್ರೂ ಕಚ್ಚಿತಾ?"

"ಪ್ಯಾಂಟಾ? ಇಲ್ಲ."

"ಆಸ್ಪತ್ರೆ?"

"ಇಲ್ಲ."

"ಗಿರಾಕಿಗಳು?"

"ಎಲ್ಲ ವಾಪಸ್ ಬಂದ್ರು."

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಡ್ರೈವಿಂಗ್ ಸ್ಕೂಲಿನವರು ಕನಿಕರದಿಂದ ಲೊಚಗುಟ್ಟಿದರು. ಹಿರಿಯರು ಕೈಯೆತ್ತಿ, ಮರದ ನೆರಳು ಮುಗಿದು ಬಿಸಿಲು ಸುಡುತ್ತಿದ್ದ ಬೆಂಚಿನ ಆ ಕೊನೆಯನ್ನು ತೋರಿಸಿದರು.

"ಅಲ್ಲಿ ಕೂತ್ಕೊಳ್ಳಿ. ಅದು ಟ್ರೈನಿಗಳ ಜಾಗ."